ರಮ್ಮಿ ಕಂಪನಿ ಕೊಟ್ಟ ಪ್ರೊಜೆಕ್ಟರ್, ಗೋಡೆ ಮೇಲಿನ ಹಲಗೆ: ಏನು ಮಾಡೋಣ?

ತೆಂಗಿನತೋಟ (ಪ್ರಶ್ನೆ)

ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ನಾನೂ ಒಬ್ಬ. 2022ರಲ್ಲಿ ಒಂದು ಆನ್‌ಲೈನ್ ರಮ್ಮಿ ಕಂಪನಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ದುಡ್ಡಲ್ಲಿ ನಮಗೆ ಪ್ರೊಜೆಕ್ಟರ್, ಹನ್ನೆರಡು ಡೆಸ್ಕು, ನೀರಿನ ಫಿಲ್ಟರ್ ಕೊಟ್ಟಿತು. ಕಂಪನಿ ಹೆಸರು ಬೇಡ ಬಿಡಿ. ಬಂದವರಿಗೆ ಮೈಸೂರು ಪೇಟ ತೊಡಿಸಿದವನು ನಾನೇ. ಆರನೇ ಕ್ಲಾಸಿನ ಬಾಗಿಲ ಪಕ್ಕ ಅವರ ಲೋಗೋ ಇರುವ ಸ್ಟೀಲ್ ಹಲಗೆ ಇವತ್ತಿಗೂ ಹೊಳೆಯುತ್ತಿದೆ.

ಅದೇ ವರ್ಷ ನಮ್ಮ ದೊಡ್ಡಪ್ಪನ ಮಗ ಅದೇ ಆ್ಯಪ್‌ನಲ್ಲಿ ಆಡಲು ಶುರು ಮಾಡಿದ. ಮೊದಲು ನೂರು, ಇನ್ನೂರು. ಆಮೇಲೆ ಕೊಬ್ಬರಿ ಮಾರಿದ ದುಡ್ಡು. ಆಮೇಲೆ ಅತ್ತಿಗೆಯ ಸರ. ನಮಗೆ ಲೆಕ್ಕ ಸಿಕ್ಕಿದ್ದೇ 4 ಲಕ್ಷ 60 ಸಾವಿರ. ಅವನ ಮಗ ಈಗ ಆರನೇ ಕ್ಲಾಸು. ದಿನಾ ಆ ಹಲಗೆ ದಾಟಿಕೊಂಡೇ ಒಳಗೆ ಹೋಗುತ್ತಾನೆ.

ಹಲಗೆ ಕಿತ್ತರೆ ಕಾನೂನಿನ ತೊಂದರೆ ಇದೆಯಾ? ಇನ್ನೊಂದು ಮಾತು. ಜಾಹೀರಾತಿನ ಕೊನೆಗೆ ರೈಲಿನ ವೇಗದಲ್ಲಿ ಓದುತ್ತಿದ್ದರಲ್ಲ, ‘ಚಟವಾಗಬಹುದು, ಜವಾಬ್ದಾರಿಯಿಂದ ಆಡಿ’ ಅಂತ. ಆ ಜವಾಬ್ದಾರಿ ಆಡುವವನದೋ, ಆಡಿಸುವವನದೋ?

ಲೆಕ್ಕದ_ಪುಸ್ತಕ

ನಾನು ಸಿಎ. ಮೊದಲು ಪೇಟದ ವಿಷಯ. ಅದು ದಾನ ಅಲ್ಲ ಸ್ವಾಮಿ, ಕಾನೂನು. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ಲಾಭ ಕಡಿಮೆ ಇದ್ದರೂ ವಹಿವಾಟು 1,000 ಕೋಟಿ ದಾಟಿದರೆ ಈ ಕಲಂ ಅನ್ವಯಿಸುತ್ತದೆ.

ಇದರ ಸಿಎಸ್‌ಆರ್ ನಿಯಮಗಳಲ್ಲಿ ಇನ್ನೊಂದು ಸಾಲಿದೆ. ತನ್ನ ಸರಕಿನ ಪ್ರಚಾರಕ್ಕೆ ಪ್ರಾಯೋಜಕತ್ವ ಕೊಟ್ಟರೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ದಿನನಿತ್ಯದ ವ್ಯಾಪಾರದ ಭಾಗವಾಗಿ ಮಾಡಿದ್ದೂ ಬರುವುದಿಲ್ಲ. ಅಂದರೆ ಆಟಗಾರ ಹಾಳಾಗದಂತೆ ನೋಡಿಕೊಳ್ಳುವುದು ಬೇರೆ ಕೆಲಸ, ಡೆಸ್ಕು ಕೊಡುವುದು ಬೇರೆ ಕೆಲಸ. ಒಂದನ್ನು ತೋರಿಸಿ ಇನ್ನೊಂದನ್ನು ತೇಲಿಸುವವರು ಜಾಸ್ತಿ.

ಹಲಗೆ ಇರಲೇಬೇಕು ಅಂತ ಸಿಎಸ್‌ಆರ್ ಕಾನೂನಿನಲ್ಲಿ ಎಲ್ಲೂ ಇಲ್ಲ. ಶಾಲೆ ಏನಾದರೂ ಒಪ್ಪಂದಕ್ಕೆ ಸಹಿ ಹಾಕಿದೆಯಾ, ಅದನ್ನು ಮಾತ್ರ ನೋಡಿಕೊಳ್ಳಿ.

ಬೆಣ್ಣೆದೋಸೆ

ಆಡಿದವನಿಗೆ ಬುದ್ಧಿ ಬೇಡವಾ? ಧರ್ಮರಾಯ ಸೋತಾಗ ಪಗಡೆಕಾಯಿ ಮಾಡಿದವನನ್ನು ಯಾರಾದರೂ ಬೈದರಾ?

ರಾತ್ರಿಪಾಳಿ

ಕಾಯಿ ಮಾಡಿದವನೇ ಶಕುನಿ ಸ್ವಾಮಿ! ಅಪ್ಪನ ಮೂಳೆಯಿಂದ.

ನಾನು ಬೆಂಗಳೂರಿನಲ್ಲಿ ಇಂಥದ್ದೇ ಒಂದು ಕಂಪನಿಯ ಕನ್ನಡ ಕಸ್ಟಮರ್ ಕೇರ್‌ನಲ್ಲಿ ಎರಡು ವರ್ಷ ಇದ್ದೆ. ನಿಮ್ಮ ಅಣ್ಣ 2022ರಲ್ಲಿ ಶುರು ಮಾಡಿದ್ದು ಅಂದಿರಿ. ಕೇಳಿ. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಇದನ್ನೆಲ್ಲ ನಿಷೇಧಿಸಿತ್ತು. ನಮ್ಮಲ್ಲಿ ಕರ್ನಾಟಕದ ಅಕೌಂಟ್‌ಗಳೆಲ್ಲ ಬಂದ್. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಮಾರನೇ ವಾರ ‘ಮತ್ತೆ ಬನ್ನಿ, ಬೋನಸ್ ಕಾಯುತ್ತಿದೆ’ ಅಂತ ಎಲ್ಲರಿಗೂ ಮೆಸೇಜ್ ಹೋಯಿತು.

‘ಜವಾಬ್ದಾರಿಯುತ ಆಟ’ದ ಪುಟ ನಮ್ಮಲ್ಲೂ ಇತ್ತು. ದಿನದ ಮಿತಿ ಹಾಕಿಕೊಳ್ಳಬಹುದು, ಅಕೌಂಟ್ ತಾನೇ ಮುಚ್ಚಿಕೊಳ್ಳಬಹುದು. ಆದರೆ ದುಡ್ಡು ಹಾಕುವ ಬಟನ್ ಮೊದಲ ಪರದೆಯಲ್ಲೇ. ಮುಚ್ಚುವ ಬಟನ್‌ಗೆ ನಾಲ್ಕು ಪರದೆ ದಾಟಬೇಕು. ಒಂದು ರಾತ್ರಿ ಎರಡು ಗಂಟೆಗೆ ಒಬ್ಬರು ಫೋನ್ ಮಾಡಿದರು. ಪಕ್ಕದಲ್ಲಿ ಮಗು ಅಳುತ್ತಿತ್ತು. ‘ಮೇಡಂ, ನನ್ನ ಅಕೌಂಟ್ ತೆಗೆದುಬಿಡಿ, ನಾನು ಕೇಳಿದರೂ ವಾಪಸ್ ಕೊಡಬೇಡಿ.’ ನಮಗೆ ಕೊಟ್ಟ ಚೀಟಿಯಲ್ಲಿ ಬರೆದಿತ್ತು: ‘ಒಂದು ದಿನ ಬ್ರೇಕ್ ತಗೊಳ್ಳಿ ಸರ್.’ ಅದನ್ನೇ ಓದಿದೆ. ಎರಡು ದಿನ ಬಿಟ್ಟು ಬೋನಸ್ ಟೀಮಿನವರು ಅವರಿಗೆ ಫೋನ್ ಮಾಡಿದರು. ಯಾಕಂದರೆ ಜಾಸ್ತಿ ಕಳೆದುಕೊಂಡವರ ಪಟ್ಟಿಯಲ್ಲಿ ಅವರ ಹೆಸರು ಮೇಲಿತ್ತು. ನಾವು ‘ವಿಐಪಿ’ ಅಂತ ಕರೆಯುತ್ತಿದ್ದದ್ದು ಅದೇ ಪಟ್ಟಿಯನ್ನು. ಆ ತಿಂಗಳು ಗಿರಾಕಿಯನ್ನು ಉಳಿಸಿಕೊಂಡಿದ್ದಕ್ಕೆ ನನಗೆ 500 ರೂಪಾಯಿ ವೋಚರ್ ಸಿಕ್ಕಿತು. ಅದರಲ್ಲಿ ಚಪ್ಪಲಿ ತಗೊಂಡೆ.

ಜವಾಬ್ದಾರಿ ಯಾರದ್ದು ಅಂದಿರಲ್ಲ. ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸಲು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆ ಇಲ್ಲ. ದುಡ್ಡಿಟ್ಟು ಆಡಿಸಿದವನಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ.

ಲೆಸ್ಟರ್_ಕನ್ನಡಿಗ

ಇಲ್ಲಿ ಬ್ರಿಟನ್‌ನಲ್ಲಿ ಜೂಜು ನಿಷೇಧ ಇಲ್ಲ, ಲೈಸೆನ್ಸ್ ಇದೆ. ಗ್ಯಾಮ್‌ಸ್ಟಾಪ್ ಅಂತ ಒಂದು ವ್ಯವಸ್ಥೆ ಉಂಟು. ಅಲ್ಲಿ ಒಂದು ಸಲ ಹೆಸರು ಬರೆಸಿದರೆ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಕಂಪನಿಗಳೂ ನಿಮ್ಮನ್ನು ಹೊರಗಿಡಬೇಕು. ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ. ಮನಸ್ಸು ಬದಲಾಯಿತು ಅಂತ ನಡುವೆ ಬಿಡಿಸಿಕೊಳ್ಳಲು ಆಗುವುದಿಲ್ಲ. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಆಡುವ ಹಾಗಿಲ್ಲ. ಚಿಕಿತ್ಸೆ, ಸಂಶೋಧನೆಗೆ ಕಂಪನಿಗಳು ಮೊದಲು ತಮಗೆ ತೋಚಿದಷ್ಟು ಕೊಡುತ್ತಿದ್ದವು. 2025ರ ಏಪ್ರಿಲ್‌ನಿಂದ ಅದೂ ಕಡ್ಡಾಯ ವಂತಿಗೆ. ಹಾಗಂತ ಸ್ವರ್ಗ ಅಂದುಕೊಳ್ಳಬೇಡಿ. ಫುಟ್‌ಬಾಲ್ ಹಾಕಿದರೆ ಜೂಜಿನ ಜಾಹೀರಾತೇ ಕಣ್ಣಿಗೆ ಹೊಡೆಯುತ್ತದೆ.

ತೆಂಗಿನತೋಟ

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿಪಾಳಿ ಅವರೇ, ನಿಮ್ಮ ಬರಹವನ್ನು ಅತ್ತಿಗೆಗೆ ಓದಿ ಹೇಳಿದೆ. ‘ದೀಪಾವಳಿ ದಿನ ಯಾರೋ ಹುಡುಗಿ ಫೋನ್ ಮಾಡಿ ಹಬ್ಬದ ಶುಭಾಶಯ ಹೇಳಿದ್ದಳು, ಬ್ಯಾಂಕಿನವರು ಅಂದುಕೊಂಡಿದ್ದೆ’ ಅಂದರು.

ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ಆ್ಯಪ್ ನಿಂತ ಮೇಲೂ ಅವನು ನಿಲ್ಲಿಸಿಲ್ಲ. ಟೆಲಿಗ್ರಾಮ್‌ನಲ್ಲಿ ಯಾರೋ ಲಿಂಕ್ ಕಳಿಸುತ್ತಾರೆ, ಯಾವ ದೇಶದ ಸೈಟೋ ಗೊತ್ತಿಲ್ಲ. ಅಲ್ಲಿ ಮುಚ್ಚುವ ಬಟನ್ ನಾಲ್ಕಲ್ಲ, ನಲವತ್ತು ಪರದೆ ದಾಟಿದರೂ ಸಿಗುವುದಿಲ್ಲ.

ರಾತ್ರಿಪಾಳಿ

ಹಾಗಿದ್ದರೆ ಹಲಗೆ ಆಮೇಲೆ ನೋಡೋಣ. 14416ಕ್ಕೆ ಫೋನ್ ಮಾಡಿ, ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿಗೆ ಬರಲು ಒಪ್ಪಿದರೆ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ. ಫೋನು, ಗೇಮುಗಳ ಗೀಳಿಗೇ 2014ರಲ್ಲಿ ಶುರುವಾದದ್ದು. ನಿಮ್ಮ ಅಣ್ಣನ ಬ್ಯಾಂಕ್ ಆ್ಯಪ್‌ನಲ್ಲಿ ಯುಪಿಐ ಮಿತಿ ಇಳಿಸಲು ಆಗುತ್ತದಾ ನೋಡಿ, ಅವರ ಎದುರಿಗೇ, ಅವರನ್ನು ಕೇಳಿಯೇ. ಕದ್ದು ಮಾಡಬೇಡಿ.

ತೆಂಗಿನತೋಟ

ಫೋನ್ ಮಾಡಿದೆವು. ಮೊದಲು ನಾನೇ ಮಾತಾಡಿದೆ, ಆಮೇಲೆ ಅವನ ಕೈಗೆ ಕೊಟ್ಟೆ. ತೆಂಗಿನ ಮರದ ಹಿಂದೆ ಹೋಗಿ ಇಪ್ಪತ್ತು ನಿಮಿಷ ಮಾತಾಡಿದ. ಏನು ಅಂತ ನಾನು ಕೇಳಿಲ್ಲ.

ಪ್ರೊಜೆಕ್ಟರ್ ಇರಲಿ ಅಂದರು ಹೆಡ್ ಮೇಡಂ. ಹಲಗೆಗೆ ನಾಲ್ಕು ಸ್ಕ್ರೂ, ಒಂದು ತುಕ್ಕು ಹಿಡಿದಿದೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹೋಗುತ್ತೇನೆ.