ಪರಿಶೀಲಕರಿಬ್ಬರು ಎದುರುಬದುರಾದಾಗ ಸಂಪಾದಕರ ಕೆಲಸವೇನು?

ಪ್ರಶ್ನೆ

ಉದ್ಯಮ ನೀತಿಶಾಸ್ತ್ರದ ಸಂಶೋಧನಾ ಪತ್ರಿಕೆಯೊಂದು ನನ್ನನ್ನು ವಿಭಾಗ ಸಂಪಾದಕಿಯಾಗಿ ಬರುವಂತೆ ಕೇಳಿದೆ. ಹತ್ತು ವರ್ಷಗಳಿಂದ ಇಂಥ ಪತ್ರಿಕೆಗಳಿಗೆ ಬರೆದಿದ್ದೇನೆ, ಪರಿಶೀಲನೆಯನ್ನೂ, ಅಂದರೆ ಬೇರೆಯವರ ಲೇಖನಗಳನ್ನು ಪ್ರಕಟಣೆಗೆ ಮುನ್ನ ಓದಿ ವರದಿ ಕೊಡುವ ಕೆಲಸವನ್ನೂ, ಮಾಡಿದ್ದೇನೆ. ಆದರೆ ಸಂಪಾದಕರ ಕೆಲಸವನ್ನು ನಾನು ಕಂಡದ್ದು ಲೇಖಕಿಯಾಗಿ ಮಾತ್ರ, ಮತ್ತು ಕಂಡದ್ದು ಹಿತವಾಗಿರಲಿಲ್ಲ. ಒಮ್ಮೆ ಹನ್ನೊಂದು ತಿಂಗಳು ಕಾದ ಮೇಲೆ ಎರಡು ವರದಿಗಳು ಬಂದವು. ಒಬ್ಬರು ತಾತ್ವಿಕ ಭಾಗವನ್ನು ಪೂರ್ತಿ ತೆಗೆಯಿರಿ ಎಂದಿದ್ದರೆ, ಇನ್ನೊಬ್ಬರು ಅದೇ ಭಾಗವನ್ನು ಇನ್ನಷ್ಟು ವಿಸ್ತರಿಸಿ ಎಂದಿದ್ದರು. ಅವುಗಳ ಮೇಲೆ ಸಂಪಾದಕರು ಬರೆದಿದ್ದುದು ಒಂದೇ ಸಾಲು: ಎಲ್ಲ ಸಲಹೆಗಳನ್ನೂ ಅಳವಡಿಸಿ ಮರಳಿ ಕಳುಹಿಸಿ.

ಹಾಗೆ ಮಾಡಬಾರದೆಂಬುದು ನನಗೆ ಸ್ಪಷ್ಟವಿದೆ. ಆದರೆ ಸಂಪಾದಕಿ ತನ್ನ ತೀರ್ಪನ್ನೇ ಮುಂದಿಟ್ಟರೆ ಇಡೀ ಕ್ಷೇತ್ರದ ಮೇಲೆ ತನ್ನ ಅಭಿರುಚಿಯನ್ನು ಹೇರಿದಂತೆ ಆಗುವುದಿಲ್ಲವೇ? ಪತ್ರಿಕೆಗೆ ದಿಕ್ಕು ತೋರಿಸುವುದಕ್ಕೂ ಅದನ್ನು ತನ್ನ ಪಾಳಯ ಮಾಡಿಕೊಳ್ಳುವುದಕ್ಕೂ ನಡುವಿನ ಗೆರೆ ಎಲ್ಲಿದೆ?

ಉತ್ತರ 1

ಪರಿಶೀಲಕರು ಕೊಡುವುದು ಸಲಹೆ, ತೀರ್ಮಾನ ಸಂಪಾದಕರದು. ಇದನ್ನು ಮರೆತ ಪತ್ರಿಕೆಯಲ್ಲಿ ಸಂಪಾದಕರು ಅಂಚೆಯವರಾಗುತ್ತಾರೆ.

ನೀವು ಹೇಳಿದ ಜಗಳ ಈ ಕ್ಷೇತ್ರದ ಹುಟ್ಟಿನಲ್ಲೇ ಇದೆ. ಅಲೆಕ್ಸ್ ಮೈಕಲೋಸ್ ಮತ್ತು ಡೆಬೊರಾ ಪಾಫ್ 1982ರಲ್ಲಿ ‘ಜರ್ನಲ್ ಆಫ್ ಬಿಸಿನೆಸ್ ಎಥಿಕ್ಸ್’ ಆರಂಭಿಸಿದಂದಿನಿಂದಲೂ ಇಲ್ಲಿ ತತ್ತ್ವಶಾಸ್ತ್ರದವರೂ ನಿರ್ವಹಣಾಶಾಸ್ತ್ರದವರೂ ಒಂದೇ ಪುಟಗಳಲ್ಲಿ ಬರೆಯುತ್ತ ಬಂದಿದ್ದಾರೆ. ಒಬ್ಬರಿಗೆ ಬೇಕಾದದ್ದು ಇರಬೇಕಾದುದರ ವಾದ, ಇನ್ನೊಬ್ಬರಿಗೆ ಬೇಕಾದದ್ದು ಇರುವುದರ ಅಳತೆ. ಎರಡನ್ನೂ ಓದಬಲ್ಲ ಪರಿಶೀಲಕರು ವಿರಳವಾದುದರಿಂದ ಆ ಓದನ್ನು ಸಂಪಾದಕರೇ ಮಾಡಬೇಕಾಗುತ್ತದೆ.

ನನ್ನ ಮೇಜಿಗೆ ಬಂದ ಒಂದು ಲೇಖನದ ವಿಷಯ ಪೂರೈಕೆದಾರರ ನೀತಿಸಂಹಿತೆ. ಅದು ವ್ಯವಸ್ಥಾಪಕರ ಸಮೀಕ್ಷೆಯನ್ನು ಆಧರಿಸಿತ್ತು, ಕೋಷ್ಟಕಗಳು ಅಚ್ಚುಕಟ್ಟಾಗಿದ್ದವು. ಮೊದಲ ಪರಿಶೀಲಕರು ಇನ್ನೂ ನಾಲ್ಕು ನಿಯಂತ್ರಣ ಚರಾಂಶಗಳನ್ನು, ಅಂದರೆ ಫಲಿತಾಂಶದ ಮೇಲೆ ಪ್ರಭಾವ ಬೀರಬಹುದಾದ ಇತರ ಅಂಶಗಳ ಲೆಕ್ಕವನ್ನು, ಕೇಳಿದರು. ಎರಡನೆಯವರು ಕೇಳಿದ್ದು ಒಂದೇ ಪ್ರಶ್ನೆ: ಸಂಸ್ಥೆ ಜವಾಬ್ದಾರಿಯುತವಾಗಿದೆ ಎಂದು ಹೇಳುತ್ತಿರುವವರು ಅದರ ವ್ಯವಸ್ಥಾಪಕರೇ ಆಗಿರುವಾಗ, ನೀವು ಅಳೆದದ್ದು ಜವಾಬ್ದಾರಿಯನ್ನೋ ಆತ್ಮಪ್ರಶಂಸೆಯನ್ನೋ? ಹಸ್ತಪ್ರತಿಯನ್ನು ಮೂರು ಬಾರಿ ಓದಿ, ಲೇಖಕರಿಗೆ ಎರಡು ಪುಟದ ಪತ್ರ ಬರೆದೆ: ಈ ಪ್ರಶ್ನೆಗೆ ಮೊದಲು ಉತ್ತರಿಸಿ; ನಾಲ್ಕು ಚರಾಂಶಗಳಲ್ಲಿ ಎರಡು ಸಾಕು, ಉಳಿದೆರಡನ್ನು ಬಿಟ್ಟದ್ದಕ್ಕೆ ಹೊಣೆ ನನ್ನದು. ಮರಳಿ ಬಂದ ಪ್ರತಿಯಲ್ಲಿ ಕಾರ್ಮಿಕರ ಸಂದರ್ಶನಗಳು ಸೇರಿದ್ದವು, ತೀರ್ಮಾನವೂ ಬದಲಾಗಿತ್ತು.

ಹೇರಿಕೆಯ ಭಯ ಒಳ್ಳೆಯದೇ. ಕಾರಣವನ್ನು ಬರೆದು ಕೊಟ್ಟ ತೀರ್ಪನ್ನು ಲೇಖಕರು ಪ್ರಶ್ನಿಸಬಹುದು, ಪ್ರಧಾನ ಸಂಪಾದಕರು ತಿದ್ದಬಹುದು. ಕಾರಣ ಕೊಡದೆ ಪರಿಶೀಲಕರ ಹಿಂದೆ ಅಡಗಿ ಕೊಟ್ಟ ತೀರ್ಪನ್ನು ಯಾರೂ ಏನೂ ಮಾಡಲಾಗದು.

ಉತ್ತರ 2

ಮೇಲಿನ ಮಾತು ಸರಿ, ಆದರೆ ಅಂಕಿಅಂಶದ ಕಡೆಯನ್ನು ಹಗುರಾಗಿ ನೋಡಬೇಡಿ. ಘೋಷಣಾಪತ್ರದ ಆರಂಭದಲ್ಲೇ ಸಹಿ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎಂದ ಪ್ರಸಿದ್ಧ ಲೇಖನವೊಂದು 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು; ಅದರ ಒಂದು ಪ್ರಯೋಗದ ದತ್ತಾಂಶ ಕೃತಕವೆಂದು ಹೊರಗಿನವರು ತೋರಿಸಿಕೊಟ್ಟ ಮೇಲೆ 2021ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಪ್ರಾಮಾಣಿಕತೆಯ ಕುರಿತ ಸಂಶೋಧನೆಗೇ ಹೀಗಾಗಿ, ಒಂಬತ್ತು ವರ್ಷ ಜನ ಅದನ್ನು ಉಲ್ಲೇಖಿಸುತ್ತಲೇ ಇದ್ದರೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಮೂಲ ದತ್ತಾಂಶವನ್ನು ಸ್ವೀಕೃತಿಗೆ ಮೊದಲೇ ಕೇಳುವ ನಿಯಮವಿದ್ದರೆ ಸಂಪಾದಕರು ಯಾರ ಮೇಲೂ ಸಂಶಯ ಪಟ್ಟಂತಾಗುವುದಿಲ್ಲ, ಏಕೆಂದರೆ ಎಲ್ಲರನ್ನೂ ಕೇಳಿದಂತಾಗುತ್ತದೆ. ದೂರು ಬಂದಾಗ ಹೇಗೆ ನಡೆಯಬೇಕೆಂಬುದಕ್ಕೆ, ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1997ರಲ್ಲಿ ಕಟ್ಟಿದ ‘ಕೋಪ್’ (ಪ್ರಕಟಣಾ ನೀತಿಶಾಸ್ತ್ರ ಸಮಿತಿ) ಸಂಸ್ಥೆಯ ಹಂತಹಂತದ ನಕ್ಷೆಗಳಿವೆ. ಅಧಿಕಾರ ವಹಿಸಿಕೊಳ್ಳುವ ಮೊದಲೇ ಓದಿಕೊಳ್ಳಿ.

ಉತ್ತರ 3

ಒಪ್ಪಿಕೊಳ್ಳುವ ಮುನ್ನ ಪ್ರಕಾಶಕರೊಂದಿಗಿನ ಒಪ್ಪಂದವನ್ನು ನೋಡಲು ಕೇಳಿ. ವರ್ಷಕ್ಕೆ ಎಷ್ಟು ಲೇಖನ ಪ್ರಕಟಿಸಬೇಕು ಎಂಬುದನ್ನು ಯಾರು ನಿರ್ಧರಿಸುತ್ತಾರೆ? ವಿಶೇಷ ಸಂಚಿಕೆಯ ಅತಿಥಿ ಸಂಪಾದಕರು ತಮ್ಮದೇ ಲೇಖನವನ್ನು ಸೇರಿಸಿದರೆ ಅದರ ತೀರ್ಪು ಯಾರ ಕೈಯಲ್ಲಿರುತ್ತದೆ? ‘ಫಿಲಾಸಫಿ ಅಂಡ್ ಪಬ್ಲಿಕ್ ಅಫೇರ್ಸ್’ ಪತ್ರಿಕೆಯ ಸಂಪಾದಕರು 2024ರಲ್ಲಿ ಪ್ರಕಾಶಕರೊಂದಿಗಿನ ಭಿನ್ನಾಭಿಪ್ರಾಯದಿಂದ ಒಟ್ಟಾಗಿ ರಾಜೀನಾಮೆ ಕೊಟ್ಟು, ಎಲ್ಲರಿಗೂ ಮುಕ್ತವಾದ ಹೊಸ ಪತ್ರಿಕೆ ಕಟ್ಟಲು ಹೊರಟರು. ಸಂಸ್ಥೆಗಳ ಹೊಣೆಗಾರಿಕೆಯ ಬಗ್ಗೆ ಲೇಖನ ಪ್ರಕಟಿಸುವ ಪತ್ರಿಕೆಯಲ್ಲಿ ಈ ಪ್ರಶ್ನೆಗಳನ್ನು ಕೇಳಲು ಸಂಕೋಚವಿರಬಾರದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಒಪ್ಪಂದದ ಪ್ರತಿಯನ್ನು ಕೇಳಿ ಇಂದೇ ಪ್ರಧಾನ ಸಂಪಾದಕರಿಗೆ ಬರೆಯುತ್ತೇನೆ; ದತ್ತಾಂಶದ ನಿಯಮ ಅವರಲ್ಲಿ ಇದೆಯೇ ಎಂದೂ ವಿಚಾರಿಸುತ್ತೇನೆ. ಮೊದಲ ಉತ್ತರ ಬರೆದವರಲ್ಲಿ ಇನ್ನೊಂದು ಕೋರಿಕೆ: ಎರಡು ಪುಟದ ಪತ್ರವನ್ನು ಪ್ರತಿ ಲೇಖನಕ್ಕೂ ಬರೆಯಲು ಸಾಧ್ಯವೇ?

ಉತ್ತರ 1 ಬರೆದವರಿಂದ

ಪ್ರತಿಯೊಂದಕ್ಕೂ ಇಲ್ಲ. ಪರಿಶೀಲನೆಗೇ ಕಳುಹಿಸದೆ ಮರಳಿಸುವವುಗಳಿಗೆ ಐದು ಸಾಲು ಸಾಕು, ಆದರೆ ಅದು ಎರಡು ವಾರದೊಳಗೆ ತಲುಪಬೇಕು, ಮತ್ತು ಆ ಐದು ಸಾಲು ಅದೇ ಲೇಖನವನ್ನು ಓದಿ ಬರೆದದ್ದಾಗಿರಬೇಕು.