ಪದಚರ್ಚೆ: ‘ಲೈವ್’ ಎಂದಲ್ಲೆಲ್ಲ ‘ನೇರಪ್ರಸಾರ’ ಹಾಕಬಹುದೆ?

ಪ್ರಶ್ನೆ: 1950ರ ದಶಕದ ಅಮೆರಿಕದ ಟಿವಿಯಲ್ಲಿ ರಾಕ್ ಅಂಡ್ ರೋಲ್ ಗಾಯಕರು ಕಾಣಿಸಿಕೊಂಡ ಬಗೆಗಿನ ಲೇಖನವೊಂದರ ಕನ್ನಡ ಕರಡು ತಿದ್ದುತ್ತಿದ್ದೇನೆ. ಮೂಲದಲ್ಲಿ ‘ಲೈವ್’ ಬಂದ ಕಡೆಯೆಲ್ಲ ‘ನೇರಪ್ರಸಾರ’ ಎಂದಿದೆ. ಕೆಲವೆಡೆ ಅರ್ಥ ಕೂಡುತ್ತಿಲ್ಲ. ‘ಲಿಪ್ ಸಿಂಕ್’, ‘ಕಿನೆಸ್ಕೋಪ್’, ‘ವೆರೈಟಿ ಷೋ’ ಇವಕ್ಕೆ ಏನು ಬಳಸುವುದು? ಕಿನೆಸ್ಕೋಪ್ ಚಿತ್ರದಲ್ಲಿ ಮೂಡುವ ‘ಪಟ್ಟಿ’ ಎಂದು ಲೇಖನದಲ್ಲಿದೆ, ಅದು ಆಂಟೆನಾ ದೋಷವೆ?

ಉತ್ತರ: ಕೂಡುವುದು ಕಷ್ಟವೇ. ಆ ಕಾಲದ ಬರಹಗಳಲ್ಲಿ ‘ಲೈವ್’ ಎರಡು ಸಂಗತಿಗಳಿಗೆ ನಿಲ್ಲುತ್ತದೆ. ಕಾರ್ಯಕ್ರಮ ನಡೆಯುತ್ತಿರುವಾಗಲೇ ಮನೆಯ ಟಿವಿಗೆ ಬರುವುದು ಒಂದು, ಗಾಯಕ ರೆಕಾರ್ಡಿನ ಆಸರೆಯಿಲ್ಲದೆ ಅಲ್ಲೇ ಹಾಡುವುದು ಇನ್ನೊಂದು. ‘ನೇರಪ್ರಸಾರ’ ಮೊದಲನೆಯದಕ್ಕಷ್ಟೇ ಸಲ್ಲುತ್ತದೆ. ಎರಡನೆಯದಕ್ಕೆ ‘ವೇದಿಕೆಯಲ್ಲೇ ಹಾಡಿದರು’ ಎಂದರೆ ಸಾಕು. ಫಿಲಡೆಲ್ಫಿಯಾದ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ 1957ರ ಆಗಸ್ಟ್ 5ರಿಂದ ಎಬಿಸಿ ಜಾಲದಲ್ಲಿ ದೇಶಕ್ಕೆಲ್ಲ ನೇರವಾಗಿ ಬಿತ್ತರವಾಗುತ್ತಿತ್ತು, ಆದರೆ ಅಲ್ಲಿಗೆ ಬಂದ ಗಾಯಕರು ಸಾಮಾನ್ಯವಾಗಿ ತಮ್ಮದೇ ರೆಕಾರ್ಡಿಗೆ ತುಟಿ ಆಡಿಸುತ್ತಿದ್ದರು. ‘ನೇರಪ್ರಸಾರದಲ್ಲಿ ಹಾಡಿದರು’ ಎಂದರೆ ಅಲ್ಲಿ ಅರ್ಧ ಸುಳ್ಳು.

ಲಿಪ್ ಸಿಂಕ್‌ಗೆ ‘ತುಟಿ ಆಡಿಸುವುದು’ ಚೆನ್ನಾಗಿಯೇ ಕೂರುತ್ತದೆ. ‘ಹಿನ್ನೆಲೆ ಗಾಯನ’ ಬೇಡ. ನಮ್ಮ ಸಿನಿಮಾ ಓದುಗ ಅದನ್ನು ಬೇರೊಬ್ಬರ ದನಿ ಎಂದೇ ತಿಳಿಯುತ್ತಾನೆ.

ಮೂಲದಲ್ಲೇ ಸ್ಪಷ್ಟವಿಲ್ಲದಿದ್ದರೆ ತುಣುಕನ್ನು ನೋಡಿ. ಎಲೆಕ್ಟ್ರಿಕ್ ಗಿಟಾರಿಗೆ ವೈರು ಇಲ್ಲ, ಗಾಯಕನ ಹತ್ತಿರ ಮೈಕು ಕಾಣುವುದಿಲ್ಲ, ಹಾಡು ಮುಗಿಯದೆ ದನಿ ಮೆಲ್ಲಗೆ ಇಳಿದುಹೋಗುತ್ತದೆ ಎಂದರೆ ತುಟಿ ಆಡಿಸಿದ್ದೇ ಇರಬೇಕು. ಮೈಕು ಕಂಡಿತೆಂದು ಮಾತ್ರ ತೀರ್ಮಾನಿಸಬೇಡಿ, ತೋರಿಕೆಗೂ ಇಡುತ್ತಿದ್ದರು. ತಾರೀಕು ಇನ್ನೂ ಗಟ್ಟಿ ಸಾಕ್ಷಿ. ಎಲ್ವಿಸ್ ಪ್ರೀಸ್ಲಿ ಮಿಲ್ಟನ್ ಬರ್ಲ್ ಷೋದಲ್ಲಿ ‘ಹೌಂಡ್ ಡಾಗ್’ ಹಾಡಿ, ಕೊನೆಯಲ್ಲಿ ಲಯವನ್ನು ಅರ್ಧಕ್ಕೆ ಇಳಿಸಿ ಸೊಂಟ ಆಡಿಸಿ ಗದ್ದಲ ಎಬ್ಬಿಸಿದ್ದು 1956ರ ಜೂನ್ 5ರಂದು; ಆ ಹಾಡನ್ನು ಅವನು ರೆಕಾರ್ಡ್ ಮಾಡಿದ್ದು ಜುಲೈ 2ರಂದು. ತುಟಿ ಆಡಿಸಲು ರೆಕಾರ್ಡೇ ಇರಲಿಲ್ಲ!

ಕಿನೆಸ್ಕೋಪನ್ನು ಹಾಗೇ ಉಳಿಸಿ, ಮೊದಲ ಸಲ ‘ಟಿವಿ ಪರದೆಯಿಂದ ಫಿಲ್ಮಿಗೆ ಇಳಿಸಿದ ಪ್ರತಿ’ ಎಂದು ಬಿಡಿಸಿ ಹೇಳಿ. ‘ವಿಡಿಯೊ ಟೇಪ್’ ಎಂದು ಬರೆದರೆ ತಪ್ಪು: ಆಂಪೆಕ್ಸ್ ಕಂಪನಿಯ ವಿಡಿಯೊ ಟೇಪ್ ಯಂತ್ರ ಹೊರಬಂದದ್ದೇ 1956ರ ಏಪ್ರಿಲಿನಲ್ಲಿ, ಸಿಬಿಎಸ್ ಟಿವಿ ಜಾಲ ಅದನ್ನು ಪ್ರಸಾರಕ್ಕೆ ಬಳಸಿದ್ದು ಅದೇ ವರ್ಷದ ನವೆಂಬರ್ 30ರಂದು. ಅದಕ್ಕೆ ಮೊದಲು ಪಿಕ್ಚರ್ ಟ್ಯೂಬಿನ ಎದುರು ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರೀಕರಿಸುತ್ತಿದ್ದರು. ಟಿವಿಗೆ ಸೆಕೆಂಡಿಗೆ 30 ಚಿತ್ರ, ಫಿಲ್ಮಿಗೆ 24. ಹಾಗಾಗಿ ಪ್ರತಿ ಫಿಲ್ಮ್ ಚೌಕಟ್ಟಿಗೆ ಷಟರ್ 1/30 ಸೆಕೆಂಡ್ ತೆರೆದು, ಫಿಲ್ಮ್ ಮುಂದೆ ಸರಿಯಲು 1/120 ಸೆಕೆಂಡ್ ಮುಚ್ಚುತ್ತಿತ್ತು. ಈ ಲೆಕ್ಕದಲ್ಲಿ, ಟಿವಿ ಚಿತ್ರವನ್ನು ಗೆರೆಗೆರೆಯಾಗಿ ಬಿಡಿಸುವ ಎರಡು ಸ್ಕ್ಯಾನುಗಳ ಬೆಸುಗೆ ಚಿತ್ರದ ನಡುವೆ ಬೀಳುತ್ತದೆ. ಷಟರ್ ಕೂದಲೆಳೆಯಷ್ಟು ತಪ್ಪಿದರೂ ಅಲ್ಲಿ ಅಡ್ಡಪಟ್ಟಿ ಮೂಡುತ್ತದೆ. ಲೇಖನದ ‘ಪಟ್ಟಿ’ ಇದೇ, ಆಂಟೆನಾ ದೋಷವಲ್ಲ.

ಇನ್ನೊಬ್ಬರ ಸೇರ್ಪಡೆ: ವೆರೈಟಿ ಷೋಗೆ ‘ವಿವಿಧ ವಿನೋದಾವಳಿ’ ಇದೆಯಲ್ಲ! ಶಾಲಾ ವಾರ್ಷಿಕೋತ್ಸವದ ಕರಪತ್ರಗಳಲ್ಲಿ ಈಗಲೂ ಅಚ್ಚಾಗುತ್ತದೆ. ದೊಂಬರಾಟ, ಹಾಸ್ಯ, ಸಂಗೀತ ಒಂದೇ ಗಂಟೆಯಲ್ಲಿ ಬೆರೆಯುತ್ತಿದ್ದ ಎಡ್ ಸಲ್ಲಿವನ್ ಷೋಗೆ ಹೊಂದುತ್ತದೆ. ‘ವೈವಿಧ್ಯಮಯ ಕಾರ್ಯಕ್ರಮ’ ಸಪ್ಪೆ.

ಕರಡಿನಲ್ಲಿ ಇನ್ನೆರಡು ಕಡೆ ಕಣ್ಣಾಡಿಸಿ. 1956ರ ಸೆಪ್ಟೆಂಬರ್ 9ರ ಎಡ್ ಸಲ್ಲಿವನ್ ಷೋದಲ್ಲಿ ಎಲ್ವಿಸ್‌ನನ್ನು ‘ವೇದಿಕೆಗೆ ಕರೆದದ್ದು ಸಲ್ಲಿವನ್’ ಅಲ್ಲ. ಅಪಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಸಲ್ಲಿವನ್ ಬದಲು ನಟ ಚಾರ್ಲ್ಸ್ ಲಾಟನ್ ನಿರೂಪಿಸಿದ್ದು, ಅದೂ ನ್ಯೂಯಾರ್ಕಿನಿಂದ. ಹಾಡಿದ ಸ್ಟುಡಿಯೊ ಲಾಸ್ ಏಂಜಲೀಸಿನದು. ‘ವೇದಿಕೆಗೆ ಕರೆದರು’ ತೆಗೆದು ‘ಪರಿಚಯಿಸಿದರು’ ಎನ್ನಿ. ‘ಸೊಂಟದಿಂದ ಮೇಲೆ ಮಾತ್ರ’ ತೋರಿಸಿದ್ದು ಎಲ್ವಿಸ್ ಈ ಷೋಗೆ ಮೂರನೆಯ ಸಲ ಬಂದಾಗ, 1957ರ ಜನವರಿ 6ರಂದು. ಮೂರೂ ಸಲಕ್ಕೆ ಹಂಚಬೇಡಿ.