ವಾಕ್ಯ ಯಾವುದು, ವಚನ ಯಾವುದು? ಮನೆ ಪ್ರಾರ್ಥನೆಯ ಮಾತುಗಳ ಬಗ್ಗೆ

ಪ್ರಶ್ನೆ (ಕುಂಬಳೆಯಿಂದ)

ಎಲ್ಲರಿಗೂ ನಮಸ್ಕಾರ. ವಾರಕ್ಕೊಮ್ಮೆ ಮನೆಗಳಲ್ಲಿ ಸೇರಿ ಬೈಬಲ್ ಓದಿ ಮಾತಾಡುವ ಸಣ್ಣ ಗುಂಪುಗಳಿಗೂ, ಮನೆಯವರೇ ದಿನಾ ಸಂಜೆ ಕೂತು ಮಾಡುವ ಪ್ರಾರ್ಥನೆಗೂ ಉಪಯೋಗವಾಗುವ ಎಂಟು ಪುಟದ ಕೈಪಿಡಿಯೊಂದು ತಯಾರಾಗುತ್ತಿದೆ. ಕರಡಿನಲ್ಲಿ ‘ಕುಟುಂಬ ಆರಾಧನೆ’ ಮತ್ತು ‘ಬೈಬಲ್ ಚರ್ಚಾ ಗುಂಪು’ ಎಂಬ ಹೆಸರುಗಳಿವೆ. ಓದುವವರು ಕಾಸರಗೋಡು, ಮಂಜೇಶ್ವರ ತಾಲೂಕಿನವರು. ಮನೆಮಾತು ಕೆಲವರದು ಕನ್ನಡ, ಕೆಲವರದು ತುಳು. ಸೊಸೆಯಂದಿರಲ್ಲಿ ಮಲಯಾಳದವರು ಬಹಳ ಇದ್ದಾರೆ, ಮಕ್ಕಳಲ್ಲಿ ಮಲಯಾಳ ಮೀಡಿಯಂನವರೂ ಇದ್ದಾರೆ. ಈ ಹೆಸರುಗಳು ಸರಿಯಾ? ‘ವಾಕ್ಯ’, ‘ವಚನ’ ಎರಡನ್ನೂ ಹೇಗೆ ಬಳಸಬೇಕು? ಕೂಟ ನಡೆಸುವವರನ್ನು ಏನೆಂದು ಕರೆಯಬೇಕು? ಬಲ್ಲವರು ಹೇಳಬೇಕು.

ಉತ್ತರ (ಮಂಜೇಶ್ವರದಿಂದ)

ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ತಪ್ಪು ನಿಜವಾಗಿ ನಡೆಯುವುದು ಅಲ್ಲಿ. ಹೆಸರು ಹೇಗಿದ್ದರೂ ಜನ ಬರುತ್ತಾರೆ, ಆದರೆ ಬಂದು ಕೂತ ಮೇಲೆ ಯಾವ ಸಾಲು ಓದಬೇಕು ಅಂತ ಗೊತ್ತಾಗದಿದ್ದರೆ ಕೂಟ ಅಲ್ಲೇ ಎಡವುತ್ತದೆ.

ಕನ್ನಡ ಕ್ರೈಸ್ತರಲ್ಲಿ ‘ವಾಕ್ಯ’ ಅಂದರೆ ದೇವರ ಮಾತು. ಯೋಹಾನನ ಸುವಾರ್ತೆ ಶುರುವಾಗುವುದೇ ‘ಆದಿಯಲ್ಲಿ ವಾಕ್ಯವಿತ್ತು’ ಎಂದು. ‘ವಚನ’ ಅಂದರೆ ಅಧ್ಯಾಯದೊಳಗೆ ಅಂಕೆ ಹಾಕಿದ ಒಂದೊಂದು ತುಂಡು: ಯೋಹಾನ 3ನೇ ಅಧ್ಯಾಯ, 16ನೇ ವಚನ. ಮಲಯಾಳದಲ್ಲಿ ಇದು ಪೂರಾ ಅದಲುಬದಲು. ಅವರ ಯೋಹಾನನ ಸುವಾರ್ತೆಯ ಆದಿಯಲ್ಲಿ ಇದ್ದದ್ದು ‘ವಚನಂ’. ಅಂಕೆ ಹಾಕಿದ ತುಂಡು ‘ವಾಕ್ಯಂ’. ಎರಡೂ ಸಂಸ್ಕೃತದಿಂದ ಬಂದ ಪದಗಳು, ಎರಡೂ ಭಾಷೆಯವರಿಗೆ ಪರಿಚಿತ, ಆದ್ದರಿಂದಲೇ ಯಾರಿಗೂ ಸಂಶಯ ಬರುವುದಿಲ್ಲ. ಪೂರ್ತಿ ಹೊಸ ಪದವಾಗಿದ್ದರೆ ಎಂತ ಅಂತ ಕೇಳುತ್ತಿದ್ದರು. ಗೊತ್ತಿರುವ ಪದಕ್ಕೆ ಬೇರೆ ಅರ್ಥ ಇದ್ದರೆ ಕೇಳುವುದೇ ಇಲ್ಲ.

ಎರಡು ಭಾಷೆಯ ಕ್ರೈಸ್ತ ಪದಗಳು ಹೀಗೆ ಬೇರೆ ದಾರಿ ಹಿಡಿದದ್ದಕ್ಕೆ ಊರು ದೂರವಿದ್ದದ್ದೇ ಕಾರಣ ಅನ್ನುವಂತಿಲ್ಲ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ, ಮೂರೂ ಬಂದದ್ದು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ. ಒಂದೇ ಊರು, ಒಂದೇ ಮಿಷನ್. ಆದರೆ ಬೈಬಲಿನ ಭಾಷೆಗೆ ಪ್ರತಿಯೊಂದರ ಬೇರು ಬೇರೆ. ಕನ್ನಡದ ಪೂರ್ತಿ ಬೈಬಲನ್ನು ಮೊದಲು ತಂದದ್ದು ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, 1831ರಲ್ಲಿ. ಮಲಯಾಳದ್ದಕ್ಕೆ ಕೊಟ್ಟಾಯಂನಲ್ಲಿ ಬೆಂಜಮಿನ್ ಬೈಲಿ ದುಡಿದದ್ದು. ಬಳ್ಳಾರಿಯ ಪದವೂ ಕೊಟ್ಟಾಯಂನ ಪದವೂ ಎದುರುಬದುರು ಕೂರುವುದು ಕಾಸರಗೋಡಿನ ಜಗಲಿಯಲ್ಲಿ.

ತಪ್ಪು ಹೇಗೆ ಆಗುತ್ತದೆ ನೋಡಿ. ಮಾರ್ಕನ ಸುವಾರ್ತೆ 4ನೇ ಅಧ್ಯಾಯದ ಬಿರುಗಾಳಿಯ ಭಾಗ, 35ರಿಂದ 41, ಒಟ್ಟು ಏಳು ವಚನ. ನಡೆಸುವವರು ‘ಒಬ್ಬೊಬ್ಬರು ಒಂದೊಂದು ವಾಕ್ಯ ಓದಿ’ ಅಂದರು ಅಂತ ಇಟ್ಟುಕೊಳ್ಳಿ. ಮಲಯಾಳದಲ್ಲಿ ಕಲಿತವಳು ಅಂಕೆಯಿಂದ ಅಂಕೆಗೆ ಓದಿ ನಿಲ್ಲಿಸುತ್ತಾಳೆ. ಕನ್ನಡ ಶಾಲೆಯ ಹುಡುಗ ಪೂರ್ಣವಿರಾಮ ಬಂದಲ್ಲಿ ನಿಲ್ಲಿಸುತ್ತಾನೆ, ವ್ಯಾಕರಣದ ವಾಕ್ಯ ಅವನಿಗೆ ಅದೇ. ಹಿರಿಯರು ಪೂರ್ತಿ ಭಾಗವನ್ನೇ ಓದಲು ಹೊರಡುತ್ತಾರೆ, ಅವರಿಗೆ ‘ವಾಕ್ಯ ಓದುವುದು’ ಅಂದರೆ ಆ ದಿನದ ಪಾಠ ಓದುವುದು. ಮೂವರೂ ಸರಿಯೇ. 38ನೇ ವಚನದಲ್ಲಿ ಒಂದಕ್ಕಿಂತ ಹೆಚ್ಚು ಮಾತಿರುವುದರಿಂದ ಹುಡುಗ ಅರ್ಧಕ್ಕೆ ನಿಲ್ಲಿಸಿದಾಗ ಮುಂದಿನವನು 39ಕ್ಕೆ ಹಾರುತ್ತಾನೆ, ‘ಗುರುವೇ, ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ’ ಎಂಬ ಶಿಷ್ಯರ ಕೂಗೇ ಬಿಟ್ಟುಹೋಗುತ್ತದೆ. ಆ ಕೂಗಿಲ್ಲದಿದ್ದರೆ ಆ ಭಾಗದಲ್ಲಿ ಮಾತಾಡಲು ಉಳಿಯುವುದೇನು?

ಹಾಗಾಗಿ ಕೈಪಿಡಿಯಲ್ಲಿ ಅಂಕೆಯನ್ನು ಯಾವಾಗಲೂ ‘ವಚನ’ದ ಜೊತೆಗೇ ಬರೆಯಿರಿ: ‘ಮಾರ್ಕ 4ನೇ ಅಧ್ಯಾಯ, ವಚನ 35ರಿಂದ 41’. ಬರೀ ‘4:35’ ಅಂತ ಅಚ್ಚು ಹಾಕಿದರೆ ಓದಿ ಹೇಳುವವರು ತಮ್ಮ ಬಾಯಿಗೆ ಬಂದ ಪದ ಸೇರಿಸುತ್ತಾರೆ. ‘ವಾಕ್ಯ’ವನ್ನು ದೇವರ ಮಾತು ಎಂಬ ಅರ್ಥದಲ್ಲಿ ಮಾತ್ರ ಇಡಿ: ವಾಕ್ಯಪಾಠ, ವಾಕ್ಯಧ್ಯಾನ. ಮೊದಲ ಪುಟದಲ್ಲೇ ಒಂದು ಸಾಲು ಹಾಕಿ: ಅಂಕೆ ಇರುವುದು ವಚನ, ಮಲಯಾಳದವರು ಅದನ್ನು ವಾಕ್ಯಂ ಅನ್ನುತ್ತಾರೆ. ಓದುವಾಗ ನಡೆಸುವವರು ಅಂಕೆಯನ್ನು ಹೇಳಿ ಹೆಸರು ಕರೆಯಲಿ, ‘ಮೂವತ್ತೆಂಟು, ನೀನು ಓದು ಮಗ’ ಅಂತ. ಕನ್ನಡ ಅಕ್ಷರ ಬಾರದ ಮಗು ಇದ್ದರೆ ಅದೇ ವಚನವನ್ನು ಮಲಯಾಳದಲ್ಲಿ ಓದಲಿ, ಈ ಭಾಗದಲ್ಲಿ ಅಂಕೆ ಎರಡರಲ್ಲೂ ಒಂದೇ. ಹಳೇ ಅಚ್ಚಿನ ಬೈಬಲಿನಲ್ಲಿ ಕನ್ನಡ ಅಂಕಿ (೩೮) ಇದ್ದರೆ ಅಂಥ ಮಗುವಿನ ಪಕ್ಕ ದೊಡ್ಡವರೊಬ್ಬರು ಕೂರಬೇಕು.

ಈ ಗೊಂದಲ ನಮ್ಮದೊಂದೇ ಅಲ್ಲ. ತಮಿಳುನಾಡಿನ ಹೊಸೂರು, ತಾಳವಾಡಿ ಕಡೆಯ ಕನ್ನಡದವರಿಗೆ ತಮಿಳಿನ ಬೈಬಲು ಬೇರೆ ಥರ ಕಾಟ ಕೊಡುತ್ತದೆ. ಅಲ್ಲಿ ಅಧ್ಯಾಯಕ್ಕೆ ‘ಅದಿಕಾರಂ’, ನಮ್ಮ ಕೀರ್ತನೆಗಳಿಗೆ ‘ಸಂಗೀತಂ’. ‘ಸಂಗೀತ 23’ ಅಂದರೆ ಕನ್ನಡದವರು ಹಾಡಿನ ಪುಸ್ತಕ ತೆಗೆಯುತ್ತಾರೆ. ಬೇಕಾದದ್ದು 23ನೇ ಕೀರ್ತನೆ.

ಈಗ ಹೆಸರಿಗೆ ಬರೋಣ. ‘ಕುಟುಂಬ ಆರಾಧನೆ’ಯನ್ನು ದಯವಿಟ್ಟು ಬಿಡಿ. ತುಳುನಾಡಿನಲ್ಲಿ ‘ಕುಟುಂಬ’ ಅಂದರೆ ಗಂಡ, ಹೆಂಡತಿ, ಮಕ್ಕಳು ಮಾತ್ರ ಅಲ್ಲ. ಅದು ಇಡೀ ಬಳಗದವರು, ‘ಕುಟುಂಬದ ಮನೆ’ ಎಂಬ ಮೂಲಮನೆಗೆ ಸೇರಿದವರು. ‘ಆರಾಧನೆ’ ಅಂದ ಕೂಡಲೇ ಕಿವಿಗೆ ದೈವಾರಾಧನೆ ನೆನಪಾಗುತ್ತದೆ. ಎರಡನ್ನೂ ಜೋಡಿಸಿದರೆ ನೆರೆಕರೆಯವರು ಕುಟುಂಬದ ಮನೆಯಲ್ಲಿ ತಂಬಿಲ (ದೈವಕ್ಕೆ ಕೊಡುವ ಸೇವೆ) ಇದೆ ಅಂದುಕೊಳ್ಳುವುದು ಸಹಜ. ಜೊತೆಗೆ, ಸಭೆಯವರಿಗೆ, ಅಂದರೆ ಚರ್ಚಿನವರಿಗೆ, ‘ಆರಾಧನೆ’ ಅಂದರೆ ಆದಿತ್ಯವಾರ ದೇವಾಲಯದಲ್ಲಿ ನಡೆಯುವುದು. ಮನೆಯಲ್ಲಿ ಆಗುವುದನ್ನು ಅವರು ‘ಪ್ರಾರ್ಥನೆ’ ಅಂತಲೇ ಹೇಳುವುದು. ‘ಪ್ರಾರ್ಥನೆಗೆ ಕೂತರು’, ‘ಪ್ರಾರ್ಥನೆ ಆಯ್ತಾ?’ ಎನ್ನುವಾಗ ಹಾಡು, ಓದು, ಬೇಡಿಕೆ ಎಲ್ಲ ಅದರಲ್ಲೇ ಸೇರಿತು.

‘ಕುಟುಂಬ ಕೂಟ’ ಎಂದರೂ ತೊಂದರೆ ಬೇರೆ ಇದೆ. ಕೇರಳದಲ್ಲಿ ಹೆಂಗಸರ ಉಳಿತಾಯ ಸಂಘಗಳ ಯೋಜನೆ ಕುಟುಂಬಶ್ರೀ 1998ರಿಂದ ಇದೆ, ಹತ್ತರಿಂದ ಇಪ್ಪತ್ತು ಮನೆಯ ಹೆಂಗಸರು ಸೇರುವ ‘ಅಯಲ್‌ಕೂಟ’ ಊರೂರಲ್ಲೂ ನಡೆಯುತ್ತದೆ. ‘ಕುಟುಂಬ’ವೂ ‘ಕೂಟ’ವೂ ಒಟ್ಟಿಗೆ ಬಂದರೆ ಉಳಿತಾಯದ ಪುಸ್ತಕ ಹಿಡಿದುಕೊಂಡು ಬರುತ್ತಾರೆ. ಮಲಯಾಳದ ‘ಕುಡುಂಬಯೋಗಂ’ ಅನ್ನು ‘ಕುಟುಂಬ ಯೋಗ’ ಅಂತ ಕನ್ನಡಕ್ಕೆ ತಂದರೆ ಇನ್ನೂ ಕಷ್ಟ. ಅಲ್ಲಿ ಯೋಗಂ ಅಂದರೆ ಸಭೆ ಸೇರುವುದು, ಇಲ್ಲಿ ಚಾಪೆ ಹಾಸಿ ಆಸನ ಹಾಕುವುದು. ‘ಸಂಸಾರ’ದ ಬಗ್ಗೆ ಒಂದೇ ಮಾತು: ನಮಗೆ ಮನೆಮಂದಿ, ಮಲಯಾಳದಲ್ಲಿ ಮಾತುಕತೆ. ಬೇಡ.

‘ಮನೆ’ ಇದೆಯಲ್ಲ, ಅದು ಸಾಕು. ಯೆಹೋಶುವ 24ನೇ ಅಧ್ಯಾಯದ 15ನೇ ವಚನದ ‘ನಾನೂ ನನ್ನ ಮನೆಯವರೂ’ ಎಷ್ಟೋ ಮನೆಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ಇದೆ. ಅಪೊಸ್ತಲರ ಕೃತ್ಯಗಳು 16ರಲ್ಲಿ ಸೆರೆಮನೆಯ ಯಜಮಾನನಿಗೆ ಹೇಳಿದ ಮಾತಿನಲ್ಲೂ ‘ಮನೆಯವರು’. ರೋಮಾಪುರದವರಿಗೆ 16:5, ಕೊಲೊಸ್ಸೆ 4:15, ಫಿಲೆಮೋನನಿಗೆ ಬರೆದ ಪತ್ರದ 2ನೇ ವಚನ, ಇಲ್ಲೆಲ್ಲ ಮನೆಯಲ್ಲಿ ಕೂಡುವ ಸಭೆಯ ಮಾತಿದೆ. ಗ್ರೀಕಿನಲ್ಲೂ ಅಲ್ಲಿರುವುದು ‘ಓಯ್ಕೊಸ್’, ಮನೆಯೇ. ಮನೆಯವರು ಅಂದಾಗ ಅಜ್ಜಿ, ಕೆಲಸಕ್ಕೆ ನಿಂತವರು, ಓದಲು ಬಂದು ಉಳಿದ ಸೋದರಳಿಯ, ಎಲ್ಲ ಒಳಗೆ ಬರುತ್ತಾರೆ. ಆದ್ದರಿಂದ ದಿನದ್ದು ‘ಮನೆ ಪ್ರಾರ್ಥನೆ’, ವಾರದ್ದು ‘ವಾಕ್ಯ ಕೂಟ’. ಕೂಟ ನಮಗೆ ತಾಳಮದ್ದಳೆಯಿಂದಲೂ ಬಂದ ಪದ. ಸುತ್ತ ಕೂತು ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಕೊಡುವುದು ಅಂತ ಕೇಳಿದವರಿಗೆ ತಿಳಿಯುತ್ತದೆ.

‘ಚರ್ಚೆ’ ಬೇಡ ಅನ್ನಲು ಎರಡು ಕಾರಣ. ಕಿವಿಗೆ ‘ಚರ್ಚಿಗೆ ಬನ್ನಿ’, ‘ಚರ್ಚೆಗೆ ಬನ್ನಿ’ ಎರಡೂ ಒಂದೇ ಥರ, ಫೋನಿನಲ್ಲಿ ಹೇಳಿದರಂತೂ ಕೇಳುವುದೇ ಬೇಡ. ಅದಕ್ಕಿಂತ ದೊಡ್ಡದು, ಕನ್ನಡದ ಚರ್ಚೆಯಲ್ಲಿ ಗೆಲ್ಲುವವರೂ ಸೋಲುವವರೂ ಇರುತ್ತಾರೆ. ವಾಕ್ಯ ಕೂಟ ಕೆಡುವುದು ಹೆಚ್ಚಾಗಿ ಹೀಗೆಯೇ: ಇಬ್ಬರು ವಾದಕ್ಕೆ ಇಳಿಯುತ್ತಾರೆ, ಉಳಿದವರು ಗಡಿಯಾರ ನೋಡುತ್ತಾರೆ. ತುಳುವಿನ ‘ಪಾತೆರಕತೆ’ಗೆ ಸಮನಾದ ‘ಮಾತುಕತೆ’ ಹಾಕಿ. ಅದರಲ್ಲಿ ಬಾಯಿ ಬಾರದವರಿಗೂ ಜಾಗ ಇದೆ. ‘ಪ್ರಸಂಗ’ವನ್ನು ದೇವಾಲಯದ ಪೀಠಕ್ಕೆ ಬಿಡಿ. ಇಲ್ಲಿಯವರಿಗೆ ಅದು ಯಕ್ಷಗಾನದ್ದೂ ಹೌದು, ಮತ್ತು ಒಬ್ಬರೇ ಮಾತಾಡುವುದನ್ನು ಮೊದಲೇ ಒಪ್ಪಿಕೊಂಡಂತೆ. ‘ವೇದಪಾಠ’ವೂ ಬೇಡ. ಮಲಯಾಳದ ಕ್ರೈಸ್ತರಿಗೆ ಅದು ಮಕ್ಕಳ ಧರ್ಮಬೋಧೆ, ಇಲ್ಲಿ ಉಪನಯನವಾದ ವಟುಗಳ ಪಾಠ.

ನಡೆಸುವವರಿಗೆ ‘ನಡೆಸುವವರು’ ಅಂತಲೇ ಇರಲಿ. ‘ಹಿರಿಯರು’ ಸಭೆಯಲ್ಲಿ ಒಂದು ಹುದ್ದೆ. ‘ಉಪದೇಶಿ’ ಬಾಸೆಲ್ ಮಿಷನ್ ಕಾಲದಿಂದ ನೇಮಕವಾದ ಕೆಲಸದ ಹೆಸರು. ಈ ವಾರ ನಡೆಸಿದವರು ಮುಂದಿನ ವಾರ ಕೇಳಲು ಕೂರುವವರು, ಅವರಿಗೆ ಬಿರುದು ಯಾಕೆ? ಕೊನೆಯ ಆಶೀರ್ವಾದದಲ್ಲೂ ಒಂದು ಅಕ್ಷರ ಗಮನಿಸಿ. ಸಭಾಪಾಲಕರು ‘ನಿಮ್ಮೆಲ್ಲರ ಸಂಗಡ ಇರಲಿ’ ಅನ್ನುತ್ತಾರೆ. ಮನೆಯಲ್ಲಿ ನಡೆಸುವವರು ‘ನಮ್ಮೆಲ್ಲರ ಸಂಗಡ’ ಅನ್ನಬೇಕು. ‘ನಿ’ ಹೋಗಿ ‘ನ’ ಬರುವುದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ಅಳತೆ ಕೇಳಿಲ್ಲ, ಆದರೂ ಹೇಳುತ್ತೇನೆ, ಹೆಸರಿನ ಜೊತೆ ಅದೂ ಅಚ್ಚಾಗಬೇಕು. ಕೂಟಕ್ಕೆ ಆರರಿಂದ ಹತ್ತು ಮಂದಿ ಒಳ್ಳೆಯದು, ಹನ್ನೆರಡು ದಾಟಿದರೆ ಮಾತು ಮೂರು ಬಾಯಲ್ಲೇ ಉಳಿಯುತ್ತದೆ, ಆಗ ಎರಡು ಮನೆಗೆ ಹಂಚಿ. ಹಾಡು, ಪ್ರಾರ್ಥನೆ ಸೇರಿ ಹದಿನೈದು ನಿಮಿಷ. ಓದು ಎರಡು ಸಲ, ಮಧ್ಯೆ ಎರಡು ನಿಮಿಷ ಮೌನ. ಮಾತುಕತೆ ಅರ್ಧ ಗಂಟೆ. ಬೇಡಿಕೆಗಳನ್ನು ಕೇಳಿ ಪ್ರಾರ್ಥಿಸಲು ಹದಿನೈದು ನಿಮಿಷ. ಬೇಡಿಕೆ ಹೇಳುವುದಕ್ಕೇ ಇಪ್ಪತ್ತು ನಿಮಿಷ ಹೋಗಿ ಪ್ರಾರ್ಥನೆ ಎರಡು ನಿಮಿಷಕ್ಕೆ ಮುಗಿಯುವುದು ಎಲ್ಲ ಕಡೆ ಇರುವ ರೋಗ, ಅದಕ್ಕೆ ಬೇಡಿಕೆಯನ್ನು ಚೀಟಿಯಲ್ಲಿ ಬರೆಸಿ. ಪ್ರಶ್ನೆಗೆ ‘ಅವಲೋಕನ, ವ್ಯಾಖ್ಯಾನ, ಅನ್ವಯ’ ಎಂಬ ತಲೆಬರಹ ಕೊಡಬೇಡಿ. ‘ಇಲ್ಲಿ ಏನು ಆಯಿತು? ಯಾಕೆ ಹಾಗೆ? ನಮಗೆ ಏನು?’ ಅಂತ ಕೇಳಿ. ಮಾರ್ಕ 4ಕ್ಕೆ ಮೊದಲ ಪ್ರಶ್ನೆ ಚಿಕ್ಕ ಮಗುವಿಗೇ ಇರಲಿ: ಯೇಸು ಸ್ವಾಮಿ ದೋಣಿಯಲ್ಲಿ ಎಲ್ಲಿ ಮಲಗಿದ್ದರು, ತಲೆಗೆ ಏನು ಇತ್ತು? ಹಿಂಭಾಗ, ದಿಂಬು, ಎರಡೂ 38ರಲ್ಲಿ ಸಿಗುತ್ತವೆ. ಬಾಯಲ್ಲಿ ‘ಅವರು’ ಅನ್ನುತ್ತೇವೆ, ಬೈಬಲಿನಲ್ಲಿ ‘ಆತನು’ ಅಂತ ಇದೆ. ಓದುವಾಗ ಇದ್ದ ಹಾಗೇ ಓದಿ, ಮಾತಾಡುವಾಗ ನಿಮ್ಮ ಮಾತೇ ಆಡಿ.

ಮನೆ ಪ್ರಾರ್ಥನೆಗೆ ಹದಿನೈದು ನಿಮಿಷ ಮೀರಬಾರದು: ಒಂದು ಹಾಡು, ಏಳರಿಂದ ಹನ್ನೆರಡು ವಚನ, ಒಂದು ಪ್ರಶ್ನೆ, ಒಬ್ಬೊಬ್ಬರದು ಒಂದು ಮಾತಿನ ಪ್ರಾರ್ಥನೆ, ಕರ್ತನ ಪ್ರಾರ್ಥನೆ. ಜ್ಞಾನೋಕ್ತಿಗಳು 31 ಅಧ್ಯಾಯ ಇದೆ ಅಂತ ತಾರೀಕಿಗೊಂದು ಅಧ್ಯಾಯ ಇಟ್ಟುಕೊಳ್ಳುವವರಿದ್ದಾರೆ. ದೊಡ್ಡವರಿಗೆ ಅದು ನಡೆದೀತು, ಮಕ್ಕಳಿದ್ದಲ್ಲಿ ಅಧ್ಯಾಯದಿಂದ ಐದಾರು ವಚನ ಆರಿಸಿಕೊಳ್ಳಿ.

ಇನ್ನೊಂದು ಮಾತು (ಬೇಳದಿಂದ)

ಮಂಜೇಶ್ವರದವರು ಹೇಳಿದ್ದಕ್ಕೆ ಕೊಂಕಣಿ ಕಥೋಲಿಕರ ಕಡೆಯದು ಸೇರಿಸುತ್ತೇನೆ, ಕೈಪಿಡಿ ಇಗರ್ಜಿಯವರ (ಕಥೋಲಿಕ ಚರ್ಚಿನವರ) ಕೈಗೂ ಹೋಗಬಹುದು. ನಮ್ಮಲ್ಲಿ ಸಂಜೆಯ ಮನೆ ಪ್ರಾರ್ಥನೆಯ ಹೆಸರು ‘ತೇರ್ಸ್’. ಜಪಸರ ಹಿಡಿದು ಐದು ಮಿಸ್ತೆರ್ (ಜಪದ ಭಾಗಗಳು), ಆಮೇಲೆ ಲಾದಿನ್ (ಸಾಲು ಸಾಲು ಬಿನ್ನಹ), ಕೊನೆಗೆ ಮಕ್ಕಳು ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು. ‘ಮನೆ ಪ್ರಾರ್ಥನೆ’ ಅಂತ ಬರೆದರೆ ತೇರ್ಸನ್ನು ಬಿಟ್ಟು ಇದನ್ನು ಮಾಡಬೇಕೋ ಅಂತ ಅಜ್ಜಿಯಂದಿರು ಬೇಸರಿಸುತ್ತಾರೆ. ‘ತೇರ್ಸ್ ಆದ ಮೇಲೆ ಓದಬಹುದು’ ಎಂಬ ಸಾಲು ಬೇಕು. ವಾಡ್ಯದ (ಇಗರ್ಜಿಯ ವಾರ್ಡಿನ) ಸಭೆಯನ್ನು ಕರೆಯುವವರು ಅದರ ಮುಖಂಡರಾದ ಗುರ್ಕಾರರು, ‘ನಡೆಸುವವರು’ ಅವರೇ ಆಗಬೇಕೆಂದಿಲ್ಲ ಅಂತಲೂ ತಿಳಿಸಿ. ದೇವರ ಮಾತಿಗೆ ನಮ್ಮ ಪದ ‘ಉತರ್’. ಕನ್ನಡದ ಕಿವಿಗೆ ಅದು ‘ಉತ್ತರ’ದಂತೆ ಕೇಳುತ್ತದೆ, ಓದಿ ಹೇಳುವಾಗ ನೆನಪಿರಲಿ. ‘ಧ್ಯಾನ’ವೂ ನೋಡಿಕೊಳ್ಳಬೇಕಾದ ಪದ. ಮಲಯಾಳದ ಕಥೋಲಿಕರಿಗೆ ‘ಧ್ಯಾನಂ’ ಅಂದರೆ ಮನೆ ಬಿಟ್ಟು ಹೋಗಿ ಮೂರೋ ಐದೋ ದಿನ ಉಳಿದು ಬರುವುದು. ‘ಗುರುವಾರ ವಾಕ್ಯಧ್ಯಾನ’ ಅಂದರೆ ಬಟ್ಟೆ ಕಟ್ಟಿಕೊಳ್ಳಬೇಕಾ ಅಂತ ಕೇಳಿಯಾರು. ‘ವಾಕ್ಯ ಕೂಟ’ವೇ ಒಳ್ಳೆಯದು.

ಮತ್ತೆ ಕುಂಬಳೆಯಿಂದ

ಇಬ್ಬರಿಗೂ ಮನಸಾರೆ ವಂದನೆ. ಕರಡನ್ನು ತಿದ್ದಿದ್ದೇವೆ. ಮೊದಲ ಪುಟ ಈಗ ಹೀಗಿದೆ:

‘ದಿನವೂ ಸಂಜೆ ಮನೆ ಪ್ರಾರ್ಥನೆ, ಹದಿನೈದು ನಿಮಿಷ. ತೇರ್ಸ್ ಹೇಳುವ ಮನೆಯವರು ಅದಾದ ಮೇಲೆ ಓದಬಹುದು. ಗುರುವಾರ ಏಳು ಗಂಟೆಗೆ ವಾಕ್ಯ ಕೂಟ. ಈ ವಾರ ಮಾರ್ಕ 4ನೇ ಅಧ್ಯಾಯ, ವಚನ 35ರಿಂದ 41. ಅಂಕೆ ಇರುವುದು ವಚನ, ಮಲಯಾಳದಲ್ಲಿ ಅದಕ್ಕೆ ವಾಕ್ಯಂ ಎನ್ನುತ್ತಾರೆ. ನಿಮ್ಮ ಬೈಬಲ್ ಯಾವ ಭಾಷೆಯದಾದರೂ ತನ್ನಿ.’

ಅಚ್ಚಿಗೆ ಕೊಡುವ ಮೊದಲು ಒಂದು ಸಂದೇಹ ಉಳಿದಿದೆ. ‘ಗುರುವಾರ’ ಅಂತ ಬರೆದದ್ದನ್ನು ಮಲಯಾಳದವರು ‘ವ್ಯಾಳಾಳ್ಚ’ ಅಂತ ಗುರುತಿಸುತ್ತಾರಾ, ಅಥವಾ ತಾರೀಕನ್ನೂ ಪಕ್ಕದಲ್ಲಿ ಹಾಕಬೇಕಾ?